ಎರಡು ಎಕರೆಯ ಲೆಕ್ಕ

ಶಿವು,

ಹಬ್ಬಕ್ಕೆ ಬಂದವನು ಬದುವಿನ ಮೇಲೆ ನಿಂತು ಕೇಳಿದ್ದೆಯಲ್ಲ, "ಇರೋದೇ ಎರಡೆಕರೆ, ಅದರಲ್ಲಿ ಇಷ್ಟೊಂದು ಥರ ಬೆಳೆ ಯಾಕೋ? ಒಂದೇ ಹಾಕಿ ದುಡ್ಡು ಮಾಡಬಾರದಾ?" ಅಂತ. ಆವತ್ತು ಸುಮ್ನೆ ನಕ್ಕಿದ್ದೆ. ಈಗಷ್ಟೇ ಅವರೆ ಸುಲಿದು ಕೂತಿದ್ದೇನೆ, ಕೈಯೆಲ್ಲ ಸೊಗಡು. ಉತ್ತರ ಬರೆಯೋಣ ಅನ್ನಿಸಿತು.

ಒಂದೇ ಹಾಕಿಯೂ ನೋಡಿದ್ದೇನೆ ಕಣೋ. 2018ರಲ್ಲಿ ಅವ್ವನ ಮಾತು ಕೇಳದೆ ಎರಡೂ ಎಕರೆಗೆ ಮುಸುಕಿನ ಜೋಳ ಹಾಕಿದೆ. ಅಮೆರಿಕ ಕಡೆಯ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡಿದ್ದು ಅದೇ ವರ್ಷ, ಅದೂ ಕರ್ನಾಟಕದಲ್ಲೇ. ಸುಳಿಯೊಳಗೆ ಕೂತು ಮೇಯ್ದುಹಾಕಿತು. ಆ ವರ್ಷ ನಾವು ರಾಗಿಯನ್ನೂ ಕೊಂಡು ತಂದೆವು. ಮುದ್ದೆ ಕಟ್ಟುವಾಗೆಲ್ಲ ಅವ್ವ, "ಇದು ಯಾರ ಹೊಲದ್ದೋ" ಅನ್ನುತ್ತಿದ್ದಳು.

ಈಗ ರಾಗಿಯ ನಡುನಡುವೆ ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಅಂಚಿಗೆ ಹರಳು ಗಿಡ. ರಾಗಿ ಕೊಯ್ದ ಮೇಲೂ ಅವರೆ, ತೊಗರಿ ಹೊಲದಲ್ಲೇ ನಿಂತಿರುತ್ತವೆ. ಮಳೆ ಹಿಂದೆಮುಂದೆ ಆದರೆ ಒಂದು ಕೈಕೊಡುತ್ತದೆ, ಎಲ್ಲವೂ ಒಟ್ಟಿಗೆ ಕೈಕೊಡುವುದು ಅಪರೂಪ. ರಾಗಿಯಲ್ಲೂ ಹಾಗೇ. ಮಳೆ ಹೊತ್ತಿಗೆ ಸರಿಯಾಗಿ ಬಂದರೆ ದೊಡ್ಡ ರಾಗಿ, ದನಕ್ಕೆ ಹುಲ್ಲು ಜಾಸ್ತಿ. ತಡವಾದರೆ ಬೇಗ ಕೊಯ್ಲಿಗೆ ಬರುವ ಗಿಡ್ಡ ರಾಗಿ.

ಹೊಸ ತಳಿ ಮೇಲೆ ನನಗೇನೂ ಸಿಟ್ಟಿಲ್ಲ. ಜಿಪಿಯು-28 ಅನ್ನೋ ರಾಗಿ ಬೆಂಕಿ ರೋಗ ತಡೆಯುತ್ತದೆ, ಅರ್ಧ ಎಕರೆಗೆ ನಾನೂ ಹಾಕುತ್ತೇನೆ. ಆದರೆ ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದ ವಿಜ್ಞಾನಿ ಮಂಡ್ಯದಲ್ಲಿ ಇಂಡಾಫ್ ಅನ್ನೋ ತಳಿಗಳನ್ನು ಮಾಡಿದ್ದು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ. ಹಳೇ ರಾಗಿಯನ್ನು ಯಾರ್ಯಾರೋ ಹೊಲದಲ್ಲಿ ಉಳಿಸಿಕೊಂಡಿದ್ದಕ್ಕೇ ಅದು ಅವರ ಕೈಗೆ ಸಿಕ್ಕಿತು, ಅಲ್ವಾ?

ಇನ್ನು ಅವರೆ. ಹೆಬ್ಬಾಳ ಅವರೆ ಹಗಲು ಎಷ್ಟುದ್ದ ಅಂತ ನೋಡುವುದಿಲ್ಲ, ಯಾವಾಗ ಹಾಕಿದರೂ ಕಾಯಿ ಬಿಡುತ್ತದೆ. ದುಡ್ಡಿಗೆ ಅದೇ ವಾಸಿ. ನಮ್ಮ ನಾಟಿ ಅವರೆಗೆ ಗತ್ತು ಜಾಸ್ತಿ. ಹಗಲು ಗಿಡ್ಡ ಆಗುವವರೆಗೂ ಹೂವೇ ಬಿಡುವುದಿಲ್ಲ. ಇಬ್ಬನಿ ಶುರುವಾದ ಮೇಲೆ ನೋಡಬೇಕು, ಕಾಯಿ ಮೇಲೆ ಅಂಟಂಟು ಎಣ್ಣೆ. ಸಂತೆಯಲ್ಲಿ ಜನ ಮೂಸಿ ನೋಡಿಯೇ ಚೀಲ ಬಿಚ್ಚುತ್ತಾರೆ.

ಬೀಜದ ಕೆಲಸ ಪೂರ್ತಿ ಅವ್ವನದು. ಕೊಯ್ಲಿಗೆ ಮುಂಚೆಯೇ ರಾಗಿ ಹೊಲದಲ್ಲಿ ನಡೆದು ದಪ್ಪ ತೆನೆ ಮುರಿದು ಮಡಿಲಿಗೆ ಹಾಕಿಕೊಳ್ಳುತ್ತಾಳೆ. ತೊಗರಿಗೆ ಕೆಮ್ಮಣ್ಣು ಕಟ್ಟಿ ಬಿಸಿಲಿಗೆ ಹರಡುತ್ತಾಳೆ, ಹುಳ ಬೀಳಬಾರದಲ್ಲ. ಹೋದ ವರ್ಷ ಪಕ್ಕದ ಮನೆಯವರ ಬಿತ್ತನೆ ಕೆಟ್ಟಿತ್ತು. ಅವ್ವ ಒಂದು ಸೇರು ಅಳೆದು ಕೊಟ್ಟಳು. ಸುಗ್ಗಿಯಲ್ಲಿ ಎರಡು ಸೇರು ವಾಪಸ್ ಬಂತು. ರಶೀದಿ ಇಲ್ಲ, ಸಾಲದ ಚೀಟಿ ಇಲ್ಲ.

ನಾಳೆ ಬಸ್ಸಿಗೆ ಒಂದು ಚೀಲ ಅವರೆಕಾಯಿ ಹಾಕುತ್ತೇನೆ. ಒಳಗೆ ಒಂದು ಸಣ್ಣ ಗಂಟಿದೆ, ಒಣಕಾಳು. ಅದು ಮುಂಗಾರಿಗೆ ನಿನ್ನ ಟೆರೇಸಿನ ಡ್ರಮ್ಮಿಗೆ. ನೆನೆಹಾಕಿ ಹಿದುಕಿ ಸಾರು ಮಾಡಿಬಿಟ್ಟೀಯ, ಅವ್ವ ಫೋನ್ ಮಾಡಿ ಕೇಳುತ್ತಾಳೆ.

ನಿನ್ನ
ಮಂಜ