ಸ್ನೋ ಮಾದರಿಗಳನ್ನು ತಿರಸ್ಕರಿಸಿದ ಬಗ್ಗೆ ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ,

ನಮಸ್ಕಾರ. ಕಳೆದ ಭಾನುವಾರ ದೊಡ್ಡ ಮಕ್ಕಳ ತರಗತಿಯಲ್ಲಿ ಕೆಲವರು ಬಕೆಟ್‌ನಲ್ಲಿ ಹಿಡಿದು ತಂದಿದ್ದ ಸ್ನೋ ಮಾದರಿಗಳ ಪಿಎಚ್ (ಆಮ್ಲೀಯತೆಯ ಅಳತೆ; 7ಕ್ಕಿಂತ ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಅಳೆಯದೆ, ದಾಖಲೆ ಪುಸ್ತಕದಲ್ಲಿ ‘ತಿರಸ್ಕೃತ’ ಎಂದು ಬರೆಸಿದೆವು. ಇದರಿಂದ ಬೇಸರಗೊಂಡು ಕೆಲವರು ಫೋನ್ ಮಾಡಿದ್ದೀರಿ, ವಾಟ್ಸಾಪ್ ಗುಂಪಿನಲ್ಲೂ ಬರೆದಿದ್ದೀರಿ. ಕೊರೆಯುವ ಚಳಿಯಲ್ಲಿ ವಾರವಿಡೀ ಬಕೆಟ್ ಕಾಯ್ದ ಮಗುವಿಗೆ ಒಂದು ಅಂಕಿಯನ್ನಾದರೂ ಕೊಡಬಾರದಿತ್ತೇ ಎಂಬ ನಿಮ್ಮ ಕಕ್ಕುಲಾತಿ ನಮಗೆ ಅರ್ಥವಾಗುತ್ತದೆ. ಆದರೂ ಕೆಟ್ಟ ಮಾದರಿಯನ್ನು ಅಳೆಯುವುದಿಲ್ಲ ಎಂಬ ನಿಯಮವನ್ನು ಸಡಿಲಿಸುವಂತಿಲ್ಲ.

ಮಕ್ಕಳ ಕೈಗೆ ಆಸಿಡ್ ಕೊಡುತ್ತೀರಾ ಎಂಬ ಪ್ರಶ್ನೆಯೂ ಬಂದಿದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಶುದ್ಧ ಮಳೆನೀರಿನ ಪಿಎಚ್ಚೇ ಸುಮಾರು 5.6 ಇರುತ್ತದೆ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರಿನದು 4.5ರ ಆಸುಪಾಸು. ಕೈಗೆ ಏನೂ ಆಗುವುದಿಲ್ಲ. ಗ್ಲೌಸ್ ಹಾಕಿಸುವುದು ನೀರಿಗೆ ಮಕ್ಕಳ ಬೆವರು ತಾಗದಿರಲಿ ಎಂದು.

ನಾವಿರುವುದು ನ್ಯೂಯಾರ್ಕ್ ರಾಜ್ಯದ ಅಡಿರಾಂಡ್ಯಾಕ್ ಬೆಟ್ಟಗಳ ಪಕ್ಕದಲ್ಲಿ. ಒಹಾಯೊ ಕಣಿವೆಯ ಕಲ್ಲಿದ್ದಲು ಸ್ಥಾವರಗಳ ಹೊಗೆ ಗಾಳಿಯಲ್ಲಿ ತೇಲಿಬಂದು ಇಲ್ಲಿ ಆಮ್ಲ ಮಳೆಯಾಗಿ, ಆಮ್ಲ ಸ್ನೋ ಆಗಿ ಬೀಳುತ್ತಿತ್ತು. 1984ರಿಂದ 1987ರವರೆಗೆ ಇಲ್ಲಿನ 1,469 ಕೆರೆಗಳನ್ನು ಪರೀಕ್ಷಿಸಿದಾಗ ಸುಮಾರು ಕಾಲುಭಾಗದಲ್ಲಿ ಪಿಎಚ್ 5ಕ್ಕಿಂತ ಕೆಳಗಿತ್ತು. ಮಣ್ಣಿನಿಂದ ಕರಗಿ ಬಂದ ಅಲ್ಯೂಮಿನಿಯಂ ಕಿವಿರುಗಳಿಗೆ ಹಾನಿ ಮಾಡಿ ಎಷ್ಟೋ ಕೆರೆಗಳಲ್ಲಿ ಟ್ರೌಟ್ ಮೀನು ಇಲ್ಲವಾಯಿತು. ಅಮೆರಿಕದ ಶುದ್ಧ ಗಾಳಿ ಕಾಯ್ದೆಗೆ 1990ರಲ್ಲಿ ಆದ ತಿದ್ದುಪಡಿಯ ನಂತರ ಹೊಗೆ ಬಹಳ ಕಡಿಮೆಯಾಗಿದೆ. ಹೀಗೆ ಕಡಿಮೆಯಾಯಿತು ಎಂದು ಹೇಳಲು ಸಾಧ್ಯವಾಗಿರುವುದೇ 1978ರಿಂದ ವಾರವಾರವೂ ಮಾದರಿ ಹಿಡಿದು ಅಳೆದವರಿಂದ. ಮಳೆ, ಸ್ನೋ ಅಳೆಯುವ ಅಮೆರಿಕದ ರಾಷ್ಟ್ರೀಯ ಜಾಲದಲ್ಲಿ ಪ್ರತಿ ಮಂಗಳವಾರ ಬೆಳಿಗ್ಗೆ ಮಾದರಿ ತೆಗೆಯುತ್ತಾರೆ. ಕೊಳೆ ಸೇರಿ ಕೆಟ್ಟ ಮಾದರಿಗೆ ಗುರುತು ಹಾಕಿ ಲೆಕ್ಕದಿಂದ ಹೊರಗಿಡುತ್ತಾರೆ. ನಾವು ಮಾಡಿದ್ದೂ ಅದನ್ನೇ.

ಈಗ ಆ ಮಾದರಿಗಳ ವಿಚಾರ. ಒಂದರ ತಳದಲ್ಲಿ ಕಟ್ಟಿಗೆ ಒಲೆಯ ಬೂದಿಯ ಕಪ್ಪು ಚುಕ್ಕೆಗಳಿದ್ದವು. ಬೂದಿ ಕ್ಷಾರ, ಹಾಗಾಗಿ ಪಿಎಚ್ ಮೇಲೆ ಹೋಗಿಬಿಡುತ್ತದೆ. ಇನ್ನೊಂದನ್ನು ಬೇಗ ಕರಗಲಿ ಎಂದು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಲಾಗಿತ್ತು. ಬಿಸಿ ಮಾಡಿದರೆ ಕರಗಿದ ಅನಿಲ ಹಾರಿಹೋಗುತ್ತದೆ, ನೀರೂ ಆವಿಯಾಗುತ್ತದೆ. ಮತ್ತೊಂದಕ್ಕೆ, ನೀರು ಕಡಿಮೆಯಾಯಿತೆಂದು ಮನೆಯವರು ನಲ್ಲಿ ನೀರು ಬೆರೆಸಿದ್ದರು. ಪ್ರೀತಿಯಿಂದಲೇ ಮಾಡಿದ್ದು, ಅನುಮಾನವಿಲ್ಲ. ಆದರೆ ಪಿಎಚ್ 4.6 ಇರುವ ಕಾಲು ಲೀಟರ್ ಸ್ನೋ ನೀರಿನ ಆಮ್ಲವನ್ನೆಲ್ಲ ಅಳಿಸಿಹಾಕಲು ಸಾಧಾರಣ ಗಡಸಿನ ನಲ್ಲಿ ನೀರು ಒಂದೆರಡು ಚಮಚ ಸಾಕು. ಇಷ್ಟಕ್ಕೂ ನೀರು ಕಡಿಮೆ ಬಿದ್ದರೆ ತೊಂದರೆಯೇನೂ ಇಲ್ಲ. 30 ಸೆಂಟಿಮೀಟರ್ ಅಗಲದ ಬಕೆಟ್‌ನಲ್ಲಿ 5 ಸೆಂಟಿಮೀಟರ್ ಹಗುರ ಸ್ನೋ ಬಿದ್ದರೂ ಸುಮಾರು 350 ಮಿಲಿಲೀಟರ್ ನೀರಾಗುತ್ತದೆ, ನಮಗೆ ಬೇಕಾದದ್ದು 50.

‘ಹೇಗೂ ಅಂದಾಜು ತಾನೇ, ಬರೆದುಕೊಳ್ಳಿ’ ಎಂಬ ಮಾತನ್ನು ಒಪ್ಪಲಾರೆವು. ಸ್ನೋ ನೀರಿನಲ್ಲಿ ಕರಗಿರುವ ಪದಾರ್ಥ ಅತ್ಯಲ್ಪ, ಆದ್ದರಿಂದಲೇ ಯಾವುದು ಸೋಕಿದರೂ ಅಂಕಿ ಬದಲಾಗುತ್ತದೆ. ಲಿಟ್ಮಸ್ ಥರದ ಕಾಗದವನ್ನು ನಾವು ಬಳಸದಿರುವುದೂ ಇದಕ್ಕೇ: ಕಾಗದದ ಬಣ್ಣವೇ ನೀರಿನ ಪಿಎಚ್ ಬದಲಿಸಿಬಿಡುತ್ತದೆ. ಮೀಟರನ್ನು 7.00 ಮತ್ತು 4.01ರ ಬಫರ್ ದ್ರಾವಣಗಳಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳು) ಹೊಂದಿಸಿ, ನೀರಿಗೆ ಅದ್ದುವ ಅದರ ಕಡ್ಡಿಯನ್ನು, ಅಂದರೆ ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಚೆನ್ನಾಗಿ ತೊಳೆದು, ಕಲಕದೆ, ಅಂಕಿ ನಿಲ್ಲುವವರೆಗೆ ಕಾಯಬೇಕು. ಇಂಥ ನೀರಿನಲ್ಲಿ ಅದಕ್ಕೆ ಹಲವು ನಿಮಿಷ ಬೇಕು, ಮಕ್ಕಳಿಗೆ ಅಷ್ಟು ಹೊತ್ತು ತಡೆಯುವುದೇ ಕಷ್ಟ. ಕರಗಿದ ಉಪ್ಪಿನ ಸುಳಿವು ಕೊಡುವ ವಿದ್ಯುತ್ ವಾಹಕತೆಯನ್ನು ಬೇರೆ ಲೋಟದಲ್ಲೇ ನೋಡುತ್ತೇವೆ, ಏಕೆಂದರೆ ಪಿಎಚ್ ನೋಡಿದ ಲೋಟಕ್ಕೆ ಎಲೆಕ್ಟ್ರೋಡಿನಿಂದ ಉಪ್ಪು ಸೋರಿರುತ್ತದೆ.

ಒಂದು ಸುಳ್ಳು ಅಂಕಿ ಇಡೀ ತಿಂಗಳ ಲೆಕ್ಕವನ್ನೇ ಕೆಡಿಸುತ್ತದೆ. ಪಿಎಚ್ ಒಂದು ಅಂಶ ಇಳಿದರೆ ಆಮ್ಲ ಹತ್ತು ಪಟ್ಟು. ಸಮ ಪ್ರಮಾಣದ 4 ಮತ್ತು 6ರ ಸರಾಸರಿ 5 ಅಲ್ಲ, ಸುಮಾರು 4.3. ಅರ್ಧ ಕರಗಿದ ಮಾದರಿಯನ್ನೂ ಅಳೆಯುವಂತಿಲ್ಲ, ಏಕೆಂದರೆ ಸ್ನೋದೊಳಗಿನ ಆಮ್ಲ ಮೊದಲು ಕರಗುವ ನೀರಿನಲ್ಲೇ ಹೊರಬರುತ್ತದೆ. ಮೊದಲ ಮೂರನೇ ಒಂದು ಪಾಲಿನಲ್ಲೇ ಅರ್ಧಕ್ಕಿಂತ ಹೆಚ್ಚು ಹೋಗಿರಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಸ್ನೋ ಕರಗುವಾಗ ಹೊಳೆಗಳಿಗೆ ಒಮ್ಮೆಲೇ ಆಮ್ಲ ನುಗ್ಗುವುದು ಹೀಗೆಯೇ. ಸ್ನೋ ತುಂಬಿ ತರುವ ಚೀಲ ಸೋರಿದ್ದರೂ ತಿರಸ್ಕರಿಸುವುದು ಇದೇ ಕಾರಣಕ್ಕೆ.

ಯಾವ ಮಗುವಿನ ಅಂಕವನ್ನೂ ಕಳೆದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ದಿನಾಂಕ, ಸ್ನೋ ಆಳ, ಮಾದರಿ ಕೆಟ್ಟ ಕಾರಣ ಇಷ್ಟನ್ನೂ ಕನ್ನಡದಲ್ಲಿ ಸರಿಯಾಗಿ ಬರೆದವರಿಗೆ ಪೂರ್ತಿ ಅಂಕ ಸಿಕ್ಕಿದೆ. ಬೇಜಾರಾದ ಮಕ್ಕಳ ಜೊತೆ ಶಿಕ್ಷಕಿ ಕೂತು ಮಾತಾಡಿದ್ದಾರೆ. ಮಕ್ಕಳೂ ಒಪ್ಪಿದ್ದಾರೆ. ಆದರೆ ಆ ಸಾಲಿನಲ್ಲಿ ಪಿಎಚ್ ಜಾಗ ಖಾಲಿಯೇ ಇರುತ್ತದೆ, ಮುಂದೆಯೂ ಹಾಗೆಯೇ.

ಬಕೆಟ್ ಮರದಿಂದ, ಸೂರಿನಿಂದ, ಉಪ್ಪು ಎರಚುವ ಡ್ರೈವ್‌ವೇಯಿಂದ ದೂರವಿರಲಿ. ಬಾಯಿ ಕಟ್ಟಿದ ಚೀಲ ಶನಿವಾರದವರೆಗೂ ಗರಾಜಿನಲ್ಲಿದ್ದು, ರಾತ್ರಿ ಒಳಗೆ ಬಂದರೆ ಬೆಳಗಾಗುವಷ್ಟರಲ್ಲಿ ತಾನೇ ಕರಗಿರುತ್ತದೆ.

ನಿಮ್ಮಲ್ಲಿ ಕೋರುವುದು ಇಷ್ಟೇ: ಚೀಲವನ್ನು ಬಿಚ್ಚದೆ ಕಳಿಸಿ.

ಈ ಭಾನುವಾರ ತರಗತಿಗೆ ಅರ್ಧ ಗಂಟೆ ಮೊದಲು ಮೀಟರ್ ಹೊಂದಿಸುತ್ತೇವೆ. ನೋಡಬೇಕೆನಿಸಿದವರು ಬನ್ನಿ, ಕಾಫಿ ಇರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ