ಬಿದ್ದವಳಿಗೆ ಬೆಳ್ಳಿ ಬಂದದ್ದು ಹೇಗೆ?

ಸಂಪಾದಕರಿಗೆ ನಮಸ್ಕಾರ,

ನಮ್ಮದು ಬಾಗಲಕೋಟೆಯ ನವನಗರ. ಮಗಳು ಎಂಟನೇ ಕ್ಲಾಸು. ಮೂರು ವರ್ಷದಿಂದ ಮಲ್ಲಕಂಬ ಮಾಡುತ್ತಾಳೆ, ಕಂಬವೂ ಹತ್ತುತ್ತಾಳೆ, ಹಗ್ಗವೂ ಹತ್ತುತ್ತಾಳೆ, ಮನೆಗೆ ಬಂದರೆ ಅಂಗೈ ತುಂಬ ಹರಳೆಣ್ಣೆ ವಾಸನೆ. ನಿಮ್ಮ ಪೇಪರಿನಲ್ಲಿ ಜಿಮ್ನಾಸ್ಟಿಕ್ಸ್ ಫೋಟೋ ಬಂದರೆ ಕತ್ತರಿಸಿ ಒಂದು ನೋಟ್‌ಬುಕ್ಕಿಗೆ ಅಂಟಿಸುತ್ತಾಳೆ. ಅದಕ್ಕೇ ಈ ಪತ್ರ.

ಮೊನ್ನೆ ರಾತ್ರಿ ನನ್ನ ಮೊಬೈಲಿನಲ್ಲಿ 2023ರ ಆಂಟ್ವರ್ಪ್ ವಿಶ್ವ ಜಿಮ್ನಾಸ್ಟಿಕ್ಸ್ ಚಾಂಪಿಯನ್‌ಷಿಪ್ಪಿನ ವಾಲ್ಟ್ (ಓಡಿ ಬಂದು ಟೇಬಲ್ಲಿಗೆ ಕೈ ಊರಿ ಗಾಳಿಯಲ್ಲಿ ಪಲ್ಟಿ ಹೊಡೆಯುವುದು) ಫೈನಲ್ ನೋಡುತ್ತಿದ್ದಳು. ಅಮೆರಿಕದ ಸಿಮೋನ್ ಬೈಲ್ಸ್ ಮೊದಲನೇ ವಾಲ್ಟ್‌ನಲ್ಲಿ ಬಿದ್ದರು. ಆದರೂ ಬೆಳ್ಳಿ. ಕೊರಿಯಾದ ಯೋ ಸಿಯೋ ಜಿಯಾಂಗ್ ಅವರಿಗೆ ಕಂಚು. "ಅಪ್ಪಾ, ಬಿದ್ದಾಕಿಗೆ ಬೆಳ್ಳಿ, ನಿಂತಾಕಿಗೆ ಕಂಚು, ಇದ್ಯಾವ ನ್ಯಾಯ?" ಅಂದಳು. ನನಗೆ ಗೊತ್ತಿರಲಿಲ್ಲ. ನೋಟ್‌ಬುಕ್ ತೆಗೆದು ನಿಮ್ಮ ವರದಿಗಳನ್ನೆಲ್ಲ ಓದಿದೆ, ಅಲ್ಲೂ ಇರಲಿಲ್ಲ. ಇದ್ದದ್ದು ಹೆಸರು, ದೇಶ, ಪದಕ, ಆಮೇಲೆ "ಕೂದಲೆಳೆ ಅಂತರ". ಎಷ್ಟು ಸಲ ಕೂದಲೆಳೆ ಸ್ವಾಮಿ! ಒಂದು ಕಡೆ "ಪರ್ಫೆಕ್ಟ್ 10 ಗಳಿಸುವ ಗುರಿ" ಅಂತಲೂ ಇತ್ತು. ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವ ಆ ಪದ್ಧತಿ 2006ರಲ್ಲೇ ಹೋಗಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ 14 ವರ್ಷದ ನಾದಿಯಾ ಕೊಮನೆಚಿಗೆ 10 ಬಂದಾಗ ಬೋರ್ಡಿನಲ್ಲಿ ಅದನ್ನು ತೋರಿಸಲು ಜಾಗವಿಲ್ಲದೆ 1.00 ಅಂತ ಬಂತಲ್ಲ, ನಾವೆಲ್ಲ ಇನ್ನೂ ಆ ಕತೆಯಲ್ಲೇ ಇದ್ದೇವೆ.

ಈಗಿನ ಲೆಕ್ಕವನ್ನು ಅವರಿವರನ್ನು ಕೇಳಿ, ನಾನೂ ಅಲ್ಲಿ ಇಲ್ಲಿ ಓದಿ ತಿಳಿದುಕೊಂಡೆ. ಕಷ್ಟವೇನಿಲ್ಲ. ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಿದವರಿಗೆ ಒಂದೇ ಮಾತಿಗೆ ತಿಳಿಯುತ್ತದೆ. ಕಲ್ಲಿನ ತೂಕ ಎಷ್ಟು ಅನ್ನುವುದು ಒಂದು, ಎಷ್ಟು ಸಲೀಸಾಗಿ ಎತ್ತಿದ ಅನ್ನುವುದು ಇನ್ನೊಂದು. ತೂಕಕ್ಕೆ, ಅಂದರೆ ಕಸರತ್ತು ಎಷ್ಟು ಕಷ್ಟದ್ದು ಅನ್ನುವುದಕ್ಕೆ, ಡಿ ಸ್ಕೋರ್. ಎತ್ತಿದ ಬಗೆಗೆ, ಅಂದರೆ ಅದನ್ನು ಎಷ್ಟು ಚೊಕ್ಕವಾಗಿ ಮಾಡಿದರು ಅನ್ನುವುದಕ್ಕೆ, ಇ ಸ್ಕೋರ್. ಇ ಸ್ಕೋರ್ 10ರಿಂದ ಶುರುವಾಗಿ ಕೆಳಗೆ ಇಳಿಯುತ್ತದೆ: ಮೊಣಕಾಲು ಸ್ವಲ್ಪ ಬಾಗಿದರೆ 0.1, ತಪ್ಪು ದೊಡ್ಡದಾದರೆ 0.3, 0.5, ಬಿದ್ದರೆ ಪೂರ್ತಿ 1. ಎರಡನ್ನೂ ಕೂಡಿಸಿದರೆ ಅಂಕ. ವಾಲ್ಟ್ ಫೈನಲ್‌ನಲ್ಲಿ ಎರಡು ವಾಲ್ಟ್ ಮಾಡಿಸಿ ಸರಾಸರಿ ತೆಗೆಯುತ್ತಾರೆ.

ಬೈಲ್ಸ್ ಅವತ್ತು ಎತ್ತಿದ ಕಲ್ಲಿನ ತೂಕ 6.4. ಓಡಿ ಬಂದು, ಹಿಮ್ಮುಖವಾಗಿ ಟೇಬಲ್ಲಿಗೆ ಕೈ ಊರಿ, ಕಾಲು ನೇರ ಇಟ್ಟುಕೊಂಡೇ ಗಾಳಿಯಲ್ಲಿ ಎರಡು ಹಿಂಪಲ್ಟಿ. ಉಳಿದವರು ಮಾಡುವ ವಾಲ್ಟ್‌ಗಳು ಹೆಚ್ಚಾಗಿ 6ರ ಒಳಗೇ. ಬಿದ್ದು ಒಂದು ಅಂಕ ಹೋದರೂ ಎರಡನೇ ವಾಲ್ಟ್ ಚೆನ್ನಾಗಿ ಬಂದು ಬೆಳ್ಳಿ ಉಳಿಯಿತು, ಚಿನ್ನ ಮಾತ್ರ ಬ್ರೆಜಿಲಿನ ರೆಬೆಕಾ ಆಂಡ್ರಾಡೆಗೆ ಹೋಯಿತು. ಇದನ್ನು ಹೇಳಿದ ಮೇಲೆ ನನ್ನ ಮಗಳು "ಹಂಗಾದ್ರ ನ್ಯಾಯಾನೇ ಐತಿ ಬಿಡು" ಅಂದಳು. ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಕುಸ್ತಿ ನೋಡಿ ಬೆಳೆದವನು ನಾನು, ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಮುಗೀತು.

ಆದರೆ ನನ್ನ ಹೊಟ್ಟೆ ಉರಿದದ್ದು ದೀಪಾ ಕರ್ಮಾಕರ್ ವಿಷಯದಲ್ಲಿ. 2016ರ ರಿಯೋ ಒಲಿಂಪಿಕ್ಸ್, ವಾಲ್ಟ್‌ನಲ್ಲಿ ನಾಲ್ಕನೇ ಸ್ಥಾನ, ಕಂಚು ತಪ್ಪಿದ್ದು 0.150ರಿಂದ, ಇಷ್ಟು ಎಲ್ಲರಿಗೂ ಬಾಯಿಪಾಠ. ಅಗರ್ತಲಾದ ಹುಡುಗಿ, ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಮಹಿಳಾ ಜಿಮ್ನಾಸ್ಟ್, ಇದೂ ಗೊತ್ತು. ಆ 0.150 ಎಲ್ಲಿ ಹೋಯಿತು ಅಂತ ಯಾರಾದರೂ ಬರೆದಿರಾ? ಅವರ ಮೊದಲ ವಾಲ್ಟ್ 14.866. ಎರಡನೆಯದು ಪ್ರೊಡುನೋವಾ, ಕೈ ಊರಿ ಮುಂದಕ್ಕೆ ಎರಡು ಪಲ್ಟಿ, ಕಾಲು ಇಳಿಯುವ ಹೊತ್ತಿಗೂ ನೆಲ ಕಣ್ಣಿಗೆ ಬೀಳುವುದಿಲ್ಲ. ಆಗ ಅದರ ಡಿ 7.0, ಇಡೀ ಫೈನಲ್‌ಗೇ ಭಾರದ ಕಲ್ಲು. ದೀಪಾ ಅದನ್ನು ಎತ್ತಿದರು, ಆದರೆ ತೀರಾ ಕುಕ್ಕರಗಾಲಿನಲ್ಲಿ ಇಳಿದರು, ಕುಂಡಿ ಮ್ಯಾಟಿಗೆ ಸವರಿತು, ಇ 8.266. ಒಟ್ಟು 15.266. ಎರಡರ ಸರಾಸರಿ 15.066. ಕಂಚು ಗೆದ್ದ ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್ 15.216. ಈ ನಾಲ್ಕು ಅಂಕಿ ಹಾಕಿದ್ದರೆ "ಅದೃಷ್ಟ ಕೈಕೊಟ್ಟಿತು" ಅಂತ ಬರೆಯುವ ಕೆಲಸವೇ ಇರಲಿಲ್ಲ. ಅದೃಷ್ಟ ಅಲ್ಲ ಅದು, ಇನ್ನೊಂದು ಗೇಣು ಮೇಲೆ ನಿಂತಿದ್ದರೆ ಸಾಕಿತ್ತು. ಅಂದಹಾಗೆ ಅವರೇ 2024ರಲ್ಲಿ, 30ರ ವಯಸ್ಸಿನಲ್ಲಿ, ತಾಷ್ಕೆಂಟ್‌ನಲ್ಲಿ ಏಷ್ಯನ್ ಚಿನ್ನ ಗೆದ್ದರು. ಆ ಸುದ್ದಿ ನಮ್ಮ ನೋಟ್‌ಬುಕ್ಕಿನಲ್ಲಿ ಬೆರಳಗಲ ಇದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಡೆದ ಫ್ಲೋರ್ (ನೆಲದ ಮೇಲಿನ ಕಸರತ್ತು) ಕಂಚಿನ ಜಗಳಕ್ಕೂ ಇದೇ ಗತಿ ಆಯಿತು. ಅಮೆರಿಕದ ಜೋರ್ಡನ್ ಚೈಲ್ಸ್‌ಗೆ ಮೊದಲು 13.666 ಬಂತು. ಕೋಚ್ ತಕರಾರು ಹಾಕಿದ್ದು ಡಿ ಸ್ಕೋರಿನ ಮೇಲೆ, ಒಂದು ಜಿಗಿತಕ್ಕೆ ಪೂರ್ತಿ ಬೆಲೆ ಕೊಟ್ಟಿಲ್ಲ ಅಂತ, ಯಾಕೆಂದರೆ ಇ ಸ್ಕೋರ್ ಪ್ರಶ್ನಿಸುವಂತೆಯೇ ಇಲ್ಲ. 0.1 ಸೇರಿ 13.766 ಆಯಿತು, ಕಂಚು ಕೊರಳಿಗೆ ಬಿತ್ತು. ಆಮೇಲೆ ಕ್ರೀಡಾ ನ್ಯಾಯಾಲಯ, ತಕರಾರಿಗೆ ಇರುವುದು 1 ನಿಮಿಷ, ನೀವು 4 ಸೆಕೆಂಡ್ ತಡ ಅಂದಿತು. ಪದಕ 13.700 ಇದ್ದ ರೊಮೇನಿಯಾದ ಆನಾ ಬರ್ಬೋಸುಗೆ ಹೋಯಿತು, ಕೇಸು ಸ್ವಿಟ್ಜರ್ಲೆಂಡಿನ ಕೋರ್ಟು ಹತ್ತಿತು. ನೀವು ಬರೆದದ್ದು ಕಣ್ಣೀರಿನ ಬಗ್ಗೆ.

ಈಗ ಬರುತ್ತಿರುವವರೂ ಇದ್ದಾರೆ. ಅಲ್ಜೀರಿಯಾದ ಕೈಲಿಯಾ ನೆಮೂರ್ 17ನೇ ವಯಸ್ಸಿಗೆ ಪ್ಯಾರಿಸ್‌ನಲ್ಲಿ ಅನ್‌ಈವನ್ ಬಾರ್ಸ್ (ಒಂದು ಎತ್ತರ, ಒಂದು ತಗ್ಗು, ಎರಡು ಅಡ್ಡ ಬಾರು) ಚಿನ್ನ ಗೆದ್ದರು, 15.700, ಜಿಮ್ನಾಸ್ಟಿಕ್ಸ್‌ನಲ್ಲಿ ಆಫ್ರಿಕಾಕ್ಕೆ ಮೊದಲ ಒಲಿಂಪಿಕ್ ಪದಕ. ಬಾರಿನಿಂದ ಬಾರಿಗೆ ಅವರು ಹಾರುವುದನ್ನು ನನ್ನ ಮಗಳು ನಿಧಾನ ಮಾಡಿ ಮಾಡಿ ನೋಡುತ್ತಾಳೆ, ಡಾಟಾ ಎಲ್ಲ ಅದಕ್ಕೇ ಖಾಲಿ. ಫಿಲಿಪ್ಪೀನ್ಸ್‌ನ ಕಾರ್ಲೋಸ್ ಯೂಲೊ ಪ್ಯಾರಿಸ್‌ನಲ್ಲೇ ಫ್ಲೋರ್ ಮತ್ತು ವಾಲ್ಟ್ ಎರಡರಲ್ಲೂ ಚಿನ್ನ ಗೆದ್ದರು. ನಮ್ಮ ಪ್ರಣತಿ ನಾಯಕ್ 2019, 2022, 2025ರ ಏಷ್ಯನ್ ಚಾಂಪಿಯನ್‌ಷಿಪ್‌ಗಳಲ್ಲಿ ವಾಲ್ಟ್ ಕಂಚು ತಂದರು.

ಜಾಗ ಇಲ್ಲ ಅನ್ನಬೇಡಿ. ಕ್ರಿಕೆಟ್ ಸ್ಕೋರಿನಲ್ಲಿ ಬೈ, ಲೆಗ್‌ಬೈ, ವೈಡ್ ಎಲ್ಲ ಬಿಡಿಸಿ ಹಾಕುತ್ತೀರಿ, ಸುಮ್ನೆ ಎರಡು ಸಾಲು ಇಲ್ಲಿಗೂ ಕೊಡಿ: ಡಿ ಎಷ್ಟು, ಇ ಎಷ್ಟು, ಎಲ್ಲಿ ಕಳೆದುಕೊಂಡರು. ತುಳಸಿಗೇರಿಯಿಂದ ಹಿಡಿದು ನಮ್ಮ ಜಿಲ್ಲೆಯಲ್ಲಿ ಮಲ್ಲಕಂಬದ ಮಕ್ಕಳು ಎಷ್ಟೋ ಜನ ಇದ್ದಾರೆ, ಅವರ ಅಪ್ಪ ಅಮ್ಮಂದಿರೂ ಪೇಪರ್ ಓದುತ್ತಾರೆ. ಮಗು ತಲೆಕೆಳಗಾಗಿ ನಿಂತರೆ "ಏನ್ ಸರ್ಕಸ್ಸು" ಅನ್ನುವ ನೆಂಟರೂ ಓದುತ್ತಾರೆ.

ದೀಪಾ ಫೋಟೋದ ಕೆಳಗೆ ಮಗಳು ಪೆನ್ಸಿಲ್ಲಿನಲ್ಲಿ ತಾನೇ 7.0, 8.266 ಅಂತ ಬರೆದುಕೊಂಡಿದ್ದಾಳೆ. ಮುಂದಿನ ಫೋಟೋಕ್ಕೆ ನೀವೇ ಅಚ್ಚು ಹಾಕಿ ಕೊಡಿ.

ಇಂತಿ,
ನಿಮ್ಮ ಓದುಗ
ನವನಗರ, ಬಾಗಲಕೋಟೆ