ಮಗಳಿಗೊಂದು ಪತ್ರ: ಕೆಂಚನ ಪಟ್ಟಿ

ಪುಟ್ಟೀ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ನಿಮ್ಮಪ್ಪ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. "ಮಗು ಅಷ್ಟು ಆಸೆಯಿಂದ ನಾಯಿಮರಿ ಫೋಟೋ ತೋರಿಸ್ತಿದ್ರೆ ಮೊದಲ ಮಾತೇ ಬೇಡ ಅನ್ಬೇಕಿತ್ತಾ?" ಅಂದವರು ಎದ್ದು ತೋಟಕ್ಕೆ ಹೋದರು. ಅವರು ಹೇಳಿದ್ದು ಸರಿ. ಪರದೇಶ, ಬಾಡಿಗೆ ಮನೆ, ಇಬ್ಬರೂ ಕೆಲಸಕ್ಕೆ ಹೋಗೋರು ಅಂತ ಒಂದೇ ಉಸಿರಿಗೆ ಹೇಳಿದೆನಲ್ಲ, ಅವೂ ಸುಳ್ಳಲ್ಲ. ಆದರೆ ನನ್ನ ಬಾಯಲ್ಲಿ ಬೇಡ ಅಂತ ಬರಿಸಿದ್ದು ಅವಲ್ಲ. ಕೊನೆಗೆ ನೀನು "ಕೆಂಚನ್ನ ನೀವು ಮಾವನ ಮನೆಗೆ ಸಾಗಹಾಕಿದ ಹಾಗೆ ನಾನು ಸಾಗಹಾಕಲ್ಲಮ್ಮ" ಅಂದೆ. ಅದಕ್ಕೆ ಉತ್ತರ ಫೋನಿನಲ್ಲಿ ಹೇಳುವಂಥದ್ದಲ್ಲ.

ಕೆಂಚ ತಿಪಟೂರಿಗೆ, ಮಾವನ ಮನೆಗೆ, ಹೋಗಲೇ ಇಲ್ಲ.

ಅವನು ನಮ್ಮನೆ ಸೇರಿದ್ದು, ಬಸ್ ಸ್ಟಾಪಿನ ತನಕ ನಿನ್ನ ಹಿಂದೆ ಬರುತ್ತಿದ್ದದ್ದು ನಿನಗೇ ಗೊತ್ತು, ಬರೆಯಲ್ಲ. ನಿನಗೆ ಗೊತ್ತಿಲ್ಲದ್ದು ಒಂದು ರಾತ್ರಿ. 2007, ನಿನ್ನ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಹಿಂದಿನ ರಾತ್ರಿ. ಮೂರು ನಾಲ್ಕು ದಿನದಿಂದ ಅವನು ದೇವರಾಯನದುರ್ಗದ ಕಡೆ ಮುಖ ಮಾಡಿಕೊಂಡು ಬೊಗಳುತ್ತಲೇ ಇದ್ದ. ನಿನಗೆ ನಿದ್ದೆಯಿಲ್ಲದೆ ಕಣ್ಣು ಕೆಂಡವಾಗಿತ್ತು. ಆಗ ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದೇ ರಾತ್ರಿ. ನಿಮ್ಮಪ್ಪ ಬ್ಯಾಟರಿ ಹಿಡಿದು ಮೋಟರ್ ಹಾಕಲು ಹೊರಟರು, ಎಂದಿನಂತೆ ಕೆಂಚನೂ ಹೊರಟ. ತೋಟದಲ್ಲಿ ಬೊಗಳಿದರೆ ನಿನ್ನ ಕಿಟಕಿಗೇ ಕೇಳುತ್ತೆ ಅಂತ ನಾನೇ ತಡೆದೆ. ಕೊಟ್ಟಿಗೆಯ ಹಿಂದಿನ ಗೂಟಕ್ಕೆ, ಎಮ್ಮೆ ಕಟ್ಟುವ ಸರಪಳಿಯಲ್ಲಿ ಕಟ್ಟಿದೆ. ಅರ್ಧ ಮುದ್ದೆ ಮಜ್ಜಿಗೆಯಲ್ಲಿ ಕಿವುಚಿ ಇಟ್ಟೆ. ಮೂಸಲೂ ಇಲ್ಲ. ಅವನ ಬೆನ್ನಿನ ಕೂದಲು ನೆಟ್ಟಗೆ ನಿಂತಿತ್ತು, ಪುಟ್ಟೀ. ನಾನು ನೋಡಿದೆ. ನೋಡಿಯೂ "ಸುಮ್ನೆ ಬಿದ್ಕೊಳೋ" ಅಂತ ಗದರಿ ಒಳಗೆ ಬಂದೆ.

ಎರಡು ಗಂಟೆಯ ಹೊತ್ತಿಗೆ ಬೊಗಳೋದು ನಿಂತಿತು. ಸದ್ಯ, ಮಗು ಇನ್ನಾದರೂ ಮಲಗಲಿ ಅಂದುಕೊಂಡೆ. ನನಗೆ ನಿರಾಳವಾಯಿತು. ಇಷ್ಟು ವರ್ಷ ನನ್ನನ್ನು ಕೊರೆಯುತ್ತಿರುವುದು ಆ ನಿರಾಳವೇ.

ಬೆಳಿಗ್ಗೆ ಹಾಲು ಕರೆಯಲು ಹೋದರೆ ಮುದ್ದೆಗೆ ಇರುವೆ ಮುತ್ತಿತ್ತು. ಸರಪಳಿ ಗೂಟದಿಂದ ಮನೆಯ ಕಡೆಗೆ, ಎಷ್ಟು ಉದ್ದ ಇತ್ತೋ ಅಷ್ಟೂ ಚಾಚಿಕೊಂಡು ಬಿದ್ದಿತ್ತು. ಅವನು ಎಳೆದದ್ದು ನಮ್ಮ ಬಾಗಿಲ ಕಡೆಗೆ. ತುದಿಯಲ್ಲಿ ಹರಿದ ಪಟ್ಟಿ, ಅದರಲ್ಲಿ ನಾಲ್ಕು ಕೆಂಚು ಕೂದಲು. ಅಡಿಕೆ ಸಾಲಿನ ಹಸಿ ಮಣ್ಣಲ್ಲಿ ಹೆಜ್ಜೆ, ಉಗುರಿನ ಗುರುತಿಲ್ಲದ್ದು. ನಿಮ್ಮಪ್ಪ ಕೂತು ನೋಡಿ "ಚಿರತೆ" ಅಂದರು. ಬಿಟ್ಟಿದ್ದರೆ ಓಡುತ್ತಿದ್ದನೋ, ಮನೆ ಬಾಗಿಲಿಗೆ ಬರುತ್ತಿದ್ದನೋ, ನಿಮ್ಮಪ್ಪನ ಕಾಲ ಬಳಿ ಇರುತ್ತಿದ್ದನೋ. ಕುರಿ ಕಾಯುವವರು ನಾಯಿಗೆ ಮುಳ್ಳುಪಟ್ಟಿ ಹಾಕುತ್ತಾರೆ, ಚಿರತೆ ಕತ್ತಿಗೇ ಬಾಯಿ ಹಾಕುತ್ತೆ ಅಂತ. ನಾನು ಹಾಕಿದ್ದು ಸಂತೆಯಲ್ಲಿ ತಂದ ಚರ್ಮದ ಪಟ್ಟಿ. ಚೆನ್ನಾಗಿ ಕಾಣುತ್ತೆ ಅಂತ.

ನೀನು ಎದ್ದು "ಕೆಂಚ ಎಲ್ಲಮ್ಮ?" ಅಂದಾಗ ಬೆಳಗಿನ ಜಾವ ಮಾವ ಬಂದು ಕರಕೊಂಡು ಹೋದ ಅಂದೆ. ನಿಜ ಹೇಳಿದ್ದರೆ ನನ್ನ ಪರೀಕ್ಷೆಗೋಸ್ಕರ ಅವನು ಹೋದ ಅಂತ ನೀನು ಹೊತ್ತುಕೊಳ್ಳುತ್ತಿದ್ದೆ. ಈಗಲೂ ಹೊರಬೇಡ. ಕಟ್ಟಿದ್ದು ನನ್ನ ಕೈ. ಆಮೇಲೆ ಹೇಳೋಣ ಅಂತಲೇ ಪಿಯುಸಿ ಆಯಿತು, ಇಂಜಿನಿಯರಿಂಗ್ ಆಯಿತು, ಮದುವೆ ಆಯಿತು, ನೀನು ವಿಮಾನ ಹತ್ತಿದೆ. ತಪ್ಪಾಯಿತು ಕಣೇ. ಅವನ ವಿಷಯದಲ್ಲೂ, ನಿನ್ನ ವಿಷಯದಲ್ಲೂ.

ನಿನ್ನೆ ಅಳಿಯಂದಿರು ಫೋನ್ ಮಾಡಿದ್ದರು. ಮನೆ ಮಾಲೀಕರ ಒಪ್ಪಿಗೆ ನೀನು ಬರಹದಲ್ಲಿ ತಗೊಂಡಿದ್ದು, ಪುರಸಭೆಗೆ ಕಟ್ಟಬೇಕಾದ ನಾಯಿ ತೆರಿಗೆಯನ್ನೂ ವಿಚಾರಿಸಿದ್ದು ಹೇಳಿದರು. ಕೆಂಚನ್ನ ಸಾಕುವಾಗ ನಾನು ಒಂದು ಹಗ್ಗ ಹುಡುಕಿದ್ದು ಬಿಟ್ಟರೆ ಏನೂ ಯೋಚಿಸಿದವಳಲ್ಲ, ನೀನು ಎಷ್ಟು ಯೋಚಿಸಿದ್ದೀಯ ಅಂತ ಹೆಮ್ಮೆಯಾಯಿತು. ಎಂಟು ವಾರ ತುಂಬದೆ ಮರಿಯನ್ನು ತಾಯಿಯಿಂದ ಬಿಡಿಸುವಂತಿಲ್ಲ, ಸರಪಳಿಯಲ್ಲಿ ಕಟ್ಟಿ ಸಾಕುವಂತಿಲ್ಲ ಅಂತ ಜರ್ಮನಿಯಲ್ಲಿ ಕಾನೂನೇ ಇದೆಯಂತೆ. ಸರಪಳಿ ಅನ್ನುವ ಮಾತು ಬಂದಾಗ ಫೋನನ್ನು ನಿಮ್ಮಪ್ಪನ ಕೈಗೆ ಕೊಟ್ಟು ಹಿತ್ತಲಿಗೆ ಹೋದೆ.

ಬುದ್ಧಿ ಹೇಳಬಾರದು ಅಂತಲೇ ಕೂತೆ, ಆದರೂ ಕೇಳು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ. ಪಾಪು ಕೈಯಲ್ಲಿ ಸದಾ ಒಣದ್ರಾಕ್ಷಿ ಇರುತ್ತೆ, ಡಬ್ಬಿ ಮೇಲಿಡು. ಮರಿಯನ್ನು ಇಡೀ ದಿನ ಒಂಟಿ ಬಿಡಬೇಡ, ನೀವಿಬ್ಬರೂ ಸರದಿ ಹಾಕಿಕೊಳ್ಳಿ. ಊರಿಗೆ ಬರುವಾಗ ಅದನ್ನು ಎಲ್ಲಿ ಬಿಡುತ್ತೀರಿ ಅಂತ ಇವತ್ತೇ ತೀರ್ಮಾನ ಮಾಡಿ, ಟಿಕೆಟ್ ಮಾಡಿದ ಮೇಲಲ್ಲ. ಜೊತೆಗೇ ತರುತ್ತೀನಿ ಅನ್ನಬೇಡ. ನಮ್ಮ ಹಸು ನೋಡುವ ಡಾಕ್ಟ್ರು ಹೇಳಿದರು: ಇಲ್ಲಿಂದ ವಾಪಸ್ ಕರಕೊಂಡು ಹೋಗಬೇಕಾದರೆ ರೇಬೀಸ್ ಲಸಿಕೆ ಸಾಲದು, ರಕ್ತಪರೀಕ್ಷೆಯೂ ಬೇಕು. ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ತೆಗೆಯಬೇಕು. ಅದನ್ನು ಅಲ್ಲೇ ಮಾಡಿಸದೆ ಇಲ್ಲಿಗೆ ಬಂದು ಮಾಡಿಸಿದರೆ ಮೂರು ತಿಂಗಳು ಕಾಯಬೇಕು.

ನನಗೆ ಹೆಚ್ಚು ಭಯ ಪಾಪುದು. ಅಲ್ಲಿನ ನಾಯಿ, ನರಿಗಳಲ್ಲಿ 2008ರಿಂದ ಹುಚ್ಚುನಾಯಿ ರೋಗವೇ ಇಲ್ಲವಂತೆ. ಮನೆಯಲ್ಲಿ ಮರಿಯ ಬಾಯಿಗೆ ಕೈ ಹಾಕಿ ಆಡಿದ ಮಗು ತುಮಕೂರು ಬಸ್ ಸ್ಟ್ಯಾಂಡಿನ ನಾಯಿಗಳ ಮುಂದೂ ಕೈ ಚಾಚುತ್ತೆ. ಎಲ್ಲ ನಾಯಿಯೂ ನಮ್ಮ ನಾಯಿಯಲ್ಲ ಅಂತ ಈಗಿನಿಂದಲೇ ಹೇಳಿಕೊಡು. ಒಂದು ಪರಚು ಆದರೂ ಸೋಪು ಹಚ್ಚಿ, ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್. ನಾಳೆ ನೋಡೋಣ ಅನ್ನುವ ಮಾತಿಲ್ಲ. ಬೈತಿದ್ದೀನಿ ಅಂದುಕೋಬೇಡ.

ಮರಿಯನ್ನು ನಿಮ್ಮನೆಗೆ ತಂದುಕೋ. ಬೇಡ ಅಂದಿದ್ದನ್ನು ವಾಪಸ್ ತಗೊಂಡೆ. ರಾತ್ರಿ ಸುಮ್ಮಸುಮ್ಮನೆ ಬೊಗಳುತ್ತೆ ಅನಿಸಿದರೂ ಎದ್ದು ಹೋಗಿ ಒಂದು ಸಲ ನೋಡು.

ಕೆಂಚನ ಪಟ್ಟಿ ತೊಳೆದು, ನಿನ್ನ ಹಳೆಯ ಯೂನಿಫಾರಂ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೀನಿ. ನೀನು ಬಂದಾಗ ಕೇಳಿದರೆ ಇಳಿಸಿಕೊಡುತ್ತೀನಿ, ಕೇಳದಿದ್ದರೆ ಅಲ್ಲೇ ಇರುತ್ತೆ.

ಮರಿಗೆ ಏನು ಹೆಸರಿಟ್ಟಿರಿ ಅಂತ ನಿಮ್ಮಪ್ಪ ಎರಡು ಸಲ ಕೇಳಿದರು. ಫೋನ್ ಮಾಡು. ನನ್ನ ಮೇಲೆ ಇನ್ನೂ ಕೋಪ ಇದ್ದರೆ ಪಾಪು ಕೈಲಿ ಮಾಡಿಸು.

ನಿನ್ನ
ಅಮ್ಮ